ಕೇಳದೆ ಕ್ಷಮಿಸಿದ ನಾಯಕಿ

ಕಾಕ್ಸ್ ಟೌನಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಆಂಟಿ ವಿಮಾ ಕಚೇರಿಯಿಂದ ನಿವೃತ್ತರಾದವರು. ಪ್ರೇಮಕಥೆಗಳೆಂದರೆ ಅವರಿಗೆ ಪ್ರಾಣ. ಓದುತ್ತಾ ಓದುತ್ತಾ ಕನ್ನಡಕವನ್ನು ಹಣೆಗೇರಿಸಿ, "ಇಷ್ಟು ಸುಲಭಾನಾ?" ಎಂದು ಪುಸ್ತಕವನ್ನೇ ಗದರುತ್ತಿದ್ದರು.

ಒಮ್ಮೆ ಇಂದಿರಾನಗರದ ಪುಸ್ತಕದಂಗಡಿಯಲ್ಲಿ ಹೊಸ ಕಾದಂಬರಿಯೊಂದರ ಬಗ್ಗೆ ಮಾತುಕತೆಯಿತ್ತು. ಆಂಟಿ, ಅಂಕಲ್ ಜೊತೆ ನಾನೂ ಹೋಗಿದ್ದೆ. ಕಥೆಯಲ್ಲಿ, ಹೇಳದೆ ಬಿಟ್ಟುಹೋಗಿದ್ದ ಗಂಡ ವರ್ಷಗಳ ನಂತರ ಹೂಗುಚ್ಛ ಹಿಡಿದು ಬರುತ್ತಾನೆ; ಹೆಂಡತಿ ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ. ಎಲ್ಲರೂ ಹೊಗಳಿ ಮುಗಿಸಿದ ಮೇಲೆ ಆಂಟಿ ಎದ್ದು ನಿಂತರು.

"ತುಂಬಾ ಆಸೆಯಿಂದ ಓದ್ದೆ ಕಣಮ್ಮಾ, ಬೇಜಾರಾಯ್ತು. ಎಲ್ಲಿಗೆ ಹೋಗಿದ್ದೆ ಅಂತ ಅವಳು ಒಂದ್ ಮಾತೂ ಕೇಳಲ್ವಲ್ಲ?"

"ಪ್ರೀತಿ ಅಂದ್ರೆ ಕ್ಷಮಿಸೋದಲ್ವಾ ಮೇಡಂ?" ಎಂದಳು ಎಳೆಯ ಲೇಖಕಿ.

"ಕ್ಷಮಿಸ್ಲಿ, ಕೇಳಿ ಕ್ಷಮಿಸ್ಲಿ. ನಮ್ಮನೆಯವ್ರೂ ಹಂಗೇ ಹೋಗಿ ವಾಪಸ್ ಬಂದಿದ್ರು. ಬಾಗಿಲಲ್ಲೇ ನಿಲ್ಸಿ ಎಲ್ಲಾ ಕೇಳ್ದೆ. ಆಮೇಲೇ ಒಳಗೆ ಕರ್ದಿದ್ದು."

ಎಲ್ಲರ ಕಣ್ಣೂ ಪಕ್ಕದಲ್ಲಿ ಕೂತಿದ್ದ ಅಂಕಲ್ ಮೇಲೆ. ನಾಚಿಕೆಯಿಂದ ತಲೆ ತಗ್ಗಿಸುತ್ತಾರೆ ಎಂದುಕೊಂಡೆ. ಅವರು ಹೆಂಡತಿಯ ಕೈ ಹಿಡಿದುಕೊಂಡು ಲೇಖಕಿಗೆ ಮೆಲ್ಲಗೆ ಹೇಳಿದರು:

"ಅವತ್ತು ಇವಳು ಕೇಳ್ದೇ ಇದ್ದಿದ್ರೆ ನಾನು ಮತ್ತೆ ಹೋಗ್ಬಿಡ್ತಿದ್ದೆ ಕಣಮ್ಮಾ."