ಭಾಗ್ಯ ಕೇಳಿಸಿಕೊಂಡ ಸದ್ದು

ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಮೇಲೆ ನಾನು ಸುಳ್ಳು ಹೊರಿಸಿದೆ. ಅವಳು ಹೇಳಿಕೊಟ್ಟದ್ದನ್ನು ನನ್ನ ಬುದ್ಧಿಯೆಂದು ಹೇಳಿಕೊಂಡೆ. ಅದು ಹೊರಬೀಳುತ್ತದೆ ಅನ್ನಿಸಿದ ಗಳಿಗೆಯಲ್ಲಿ ಅವಳನ್ನೇ ತಪ್ಪಿತಸ್ಥೆ ಮಾಡಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ. ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾನು ಕಿಕ್ಕೇರಿ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನಿವೃತ್ತನಾದ ಮೇಲೆ ನಾಗಮಂಗಲದಲ್ಲಿ ನೆಲೆಸಿ, ಒಂದು ಹಳೆಯ ಕಾರು ಕೊಂಡೆ. ಹೆಂಡತಿಗೆ ಮಂಡಿನೋವು, ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯುದ್ದಕ್ಕೂ ಅವಳಿಗೆ ದೇವರನಾಮ ಬೇಕು. ಅದಕ್ಕೆಂದೇ ಹೊಸ ಸ್ಟೀರಿಯೋ ಹಾಕಿಸಿ, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಿದೆ. ಎಂಜಿನ್ ನಿಂತಿದ್ದಾಗ ಹಾಡು ಸ್ವಚ್ಛವಾಗಿ ಕೇಳುತ್ತಿತ್ತು. ಎಂಜಿನ್ ಶುರುವಾದರೆ ಸಾಕು, ಹಾಡಿನ ಹಿಂದೆ ಸಣ್ಣಗೆ ಒಂದು ಕುಂಯ್ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮೇಲೇರುತ್ತಿತ್ತು.

"ಕಿವಿಯೊಳ್ಗೆ ಸೊಳ್ಳೆ ಕೂತಂಗದೆ. ಆರ್ಸಿಬುಡಿ ಇದನ್ನ," ಎನ್ನುತ್ತಿದ್ದಳು ಹೆಂಡತಿ.

ನಾಗಮಂಗಲದಲ್ಲಿ ಸ್ಟೀರಿಯೋ ಬದಲಾಯಿಸಿದರು. ಹೋಗಲಿಲ್ಲ. ಪಾಂಡವಪುರದಲ್ಲಿ ಫಿಲ್ಟರ್ ಹಾಕಿದರು, ಸಿಗ್ನಲ್ ವೈರನ್ನು ಹೊಸದಾಗಿ ಎಳೆದರು. ಆಗಲೂ ಹೋಗಲಿಲ್ಲ. ವಿದ್ಯುತ್ತಿನ ಪಾಠ ಮಾಡಿ ಮೂವತ್ತು ವರ್ಷ ಕಳೆದ ನಾನೂ ಡಿಕ್ಕಿಯೊಳಗೆ ತಲೆಯಿಟ್ಟು ನೋಡಿದೆ, ಏನೂ ತಿಳಿಯಲಿಲ್ಲ. ಕೊನೆಗೆ ಪಾಂಡವಪುರದ ಮೆಕ್ಯಾನಿಕ್ಕೇ ಕೈ ಒರೆಸಿಕೊಳ್ಳುತ್ತಾ ಹೇಳಿದ: "ನನ್ ಕೈಲಾಗಾಕಿಲ್ಲ ಸಾ. ಬಾಬುರಾಯನಕೊಪ್ಪಲಲ್ಲಿ ಒಂದು ಸೀಟ್ ಕವರ್ ಅಂಗ್ಡಿ ಅದೆ. ಅಲ್ಲೊಬ್ರು ಅಕ್ಕ ಅವ್ರೆ, ಕಿವೀಲೇ ಕಂಡಿಡೀತಾರೆ. ಓಗಿ ತೋರ್ಸಿ."

ಮೈಸೂರು ರಸ್ತೆಯ ಪಕ್ಕದ ಆ ಅಂಗಡಿಯಲ್ಲಿ ಗಂಡ ಸೀಟ್ ಕವರ್ ಹೊಲಿಯುತ್ತಿದ್ದ, ಹೆಂಡತಿ ವೈರಿಂಗ್ ಕೆಲಸ ಮಾಡುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಸೀರೆಯ ಮೇಲೆ ಗಂಡಸಿನ ಹಳೆಯ ಅಂಗಿ. ನಾನು ಕಾರಿನಿಂದಿಳಿದು ಹತ್ತು ತಿಂಗಳ ಪುರಾಣ ಶುರುಮಾಡಿದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ, "ಮಾತು ಬ್ಯಾಡ ಸಾ, ಸ್ಟಾರ್ಟ್ ಮಾಡಿ," ಎಂದಳು.

ಮಾಡಿದೆ. ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದಳು. ಹಾಡಿನ ಶಬ್ದವನ್ನು ಪೂರ್ತಿ ಸೊನ್ನೆಗೆ ಇಳಿಸಿದಳು. ಹಾಡು ಹೋಯಿತು, ಕುಂಯ್ ಮಾತ್ರ ಹಾಗೇ ಉಳಿಯಿತು. "ಅಂದ್ರೆ ಇದು ಸ್ಟೀರಿಯೋ ಒಳ್ಗಿಂದ ಬತ್ತಾ ಇಲ್ಲ. ಅದನ್ನ ದಾಟಿದ್ಮೇಲೆ ಸೇರ್ಕೋತಾ ಅದೆ," ಎಂದಳು. ಆಮೇಲೆ ಹೇಳಿದಳು: "ಇಂಡಿಕೇಟ್ರು ಹಾಕಿ."

ಹಾಕಿದೆ.

"ಸ್ಪೀಕರ್‌ನಾಗೆ ಕೇಳ್ತಾ?"

ನನಗೆ ಏನೂ ಕೇಳಲಿಲ್ಲ. ಅವಳು ಬೆರಳಿನಿಂದ ತಾಳ ಹಾಕತೊಡಗಿದಳು — ಆಗ, ಕುಂಯ್ ಸದ್ದಿನ ಅಡಿಯಲ್ಲಿ, ಇರುವೆ ನಡೆದಷ್ಟು ಮೆಲ್ಲಗೆ, ಟಿಕ್... ಟಿಕ್... ಹತ್ತು ತಿಂಗಳು ನಾನು ಕೂತಿದ್ದ ಕಾರಿನಲ್ಲಿ ನನಗೆ ಕೇಳಿಸದೇ ಇದ್ದ ಸದ್ದು. ಅವಳು ಎಣಿಸಿ ತೋರಿಸಿದ ಮೇಲೆ ಅದು ಬಿಟ್ಟು ಬೇರೇನೂ ಕೇಳದಾಯಿತು. ನನ್ನ ಮೈಮೇಲಿನ ಕೂದಲು ನಿಂತಿದ್ದು ನೆನಪಿದೆ. ದೇವಸ್ಥಾನದಲ್ಲೂ ನನಗೆ ಹಾಗಾಗಿದ್ದು ಕಡಿಮೆ.

ಡಿಕ್ಕಿ ತೆಗೆದಳು. ಆಂಪ್ಲಿಫೈಯರಿನ ಸಿಗ್ನಲ್ ವೈರು ಕಿತ್ತಳು, ಸದ್ದು ನಿಂತಿತು. ಮತ್ತೆ ಸಿಕ್ಕಿಸಿದಳು, ಬಂತು. ಒಂದು ಉದ್ದನೆಯ ವೈರಿನ ತುದಿಯನ್ನು ಆಂಪ್ಲಿಫೈಯರಿಗೂ ಇನ್ನೊಂದು ತುದಿಯನ್ನು ಮುಂದೆ ಸ್ಟೀರಿಯೋದ ಅರ್ತ್ ವೈರಿಗೂ ಮುಟ್ಟಿಸಿದಳು. ಸದ್ದು ಮುಕ್ಕಾಲು ಪಾಲು ಇಳಿಯಿತು. ತಲೆಯೆತ್ತದೆ ಅಂದಳು:

"ಅರ್ತ್‌ನ ಎರಡು ಕಡೆ ಕೊಟ್ಟವ್ರೆ ಸಾ. ಎರಡ್ನೂ ಒಂದೇ ಕಡೆ ಕೊಟ್ರೆ ನಿಲ್ತದೆ."

ಈ ಮಾತನ್ನು, ಇದೇ ಮಾತನ್ನು, ನಾನು ಮೊದಲೂ ಕೇಳಿದ್ದೆ.

ನಮ್ಮ ಶಾಲೆಯ ವಾರ್ಷಿಕೋತ್ಸವದ ಬೆಳಿಗ್ಗೆ ಅದು. ಮೈಕ್ ಸೆಟ್ಟಿನ ಹೊಣೆ ನನ್ನದು. ಅಧಿಕಾರಿಗಳು ಬರುವ ಹೊತ್ತು ಹತ್ತಿರವಾದರೂ ಸ್ಪೀಕರಿನ ಗುಂಯ್ ಶಬ್ದ ನಿಲ್ಲಲಿಲ್ಲ. ಪ್ರಾರ್ಥನೆಗೆ ನಿಂತಿದ್ದ ಹುಡುಗಿಯರ ಸಾಲಿನಿಂದ ಒಂಬತ್ತನೇ ತರಗತಿಯ ಭಾಗ್ಯಲಕ್ಷ್ಮಿ ಬಂದು ಹೇಳಿದಳು, ಮೈಕಿಗೆ ಸ್ಟೇಜಿನಿಂದ ಕರೆಂಟ್, ಟೇಪ್‌ರೆಕಾರ್ಡರಿಗೆ ಆಫೀಸಿನಿಂದ. ಎರಡನ್ನೂ ಒಂದೇ ಕಡೆ ಕೊಟ್ಟರೆ ನಿಲ್ಲುತ್ತದೆ. ಅಪ್ಪನ ಪಂಪ್‌ಸೆಟ್ಟಿನ ಪೆಟ್ಟಿಗೆಗೆ ಕಿವಿಯಿಟ್ಟು ಬೆಳೆದ ಹುಡುಗಿ ಅವಳು. "ನೀನು ನಂಗೆ ಪಾಠ ಮಾಡ್ತೀಯೇನಮ್ಮ?" ಎಂದೆ. ಸಾಲು ಸಾಲೇ ನಕ್ಕಿತು. ಅವಳು ಹೋದ ಮೇಲೆ — ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು — ಅವಳು ಹೇಳಿದಂತೆಯೇ ಮಾಡಿದೆ. ಮೈದಾನದಲ್ಲಿ ಎಂಥ ನಿಶ್ಶಬ್ದ. ಹೆಡ್‌ಮಾಸ್ಟರು ವೇದಿಕೆಯ ಮೇಲೇ ನನ್ನನ್ನು ಹೊಗಳಿದರು.

ಕಾರ್ಯಕ್ರಮ ಮುಗಿದು ಹೆಡ್‌ಮಾಸ್ಟರ ಜೊತೆ ನಿಂತಿದ್ದಾಗ ಅವಳು ಓಡಿಬಂದಳು. ಮುಖ ಅರಳಿತ್ತು. "ನಾನ್ ಯೋಳ್ದಂಗೇ ಮಾಡಿದ್ರಿ ಅಲ್ವಾ ಸಾ?"

ಹೌದು ಎನ್ನಬಹುದಿತ್ತು. ಎಷ್ಟು ಸಣ್ಣ ಮಾತು, ಹೌದು. ಹೆಡ್‌ಮಾಸ್ಟರು ನನ್ನತ್ತ ತಿರುಗಿದರು, ನಾನು ಹೇಳಿದೆ: "ಬೆಳಿಗ್ಗೆ ಸೆಟ್ ಮುಟ್ಟಿ ಕೆಡಿಸಿದ್ದೇ ಇವಳು ಸಾರ್."

ಮರುದಿನ ಅವಳ ಅಪ್ಪ ಬೋರೇಗೌಡರನ್ನು ಕರೆಸಿದರು. ಆಫೀಸಿನಲ್ಲಿ ನಾಲ್ಕು ಜನರೆದುರು ಅವರು ಮಗಳ ಕೆನ್ನೆಗೆ ಹೊಡೆದರು. ನಾನು ಕಿಟಕಿಯ ಬಳಿ ನಿಂತಿದ್ದೆ. ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವರ್ಷ ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗ ಬೋರೇಗೌಡರೇ ಬಂದು, "ಎಲೆಕ್ಟ್ರಿಕಲ್ ಡಿಪ್ಲೊಮಾ ಓದ್ತೀನಿ ಅಂತಾವ್ಳೆ ಮೇಷ್ಟ್ರೇ, ಸೇರ್ಸ್ಬೋದಾ?" ಎಂದು ಕೇಳಿದರು. ತಿದ್ದಿಕೊಳ್ಳಲು ದೇವರೇ ಬಾಗಿಲು ತೆರೆದಂತಿತ್ತು. ಆದರೆ ಅವಳು ಮುಂದೆ ಬಂದರೆ ನನ್ನ ಸುಳ್ಳೂ ಹಿಂದೆಯೇ ಬರುತ್ತದೆ ಎಂಬ ಭಯ — "ಅದು ಶಿಸ್ತಿರೋರಿಗೆ ಗೌಡ್ರೇ," ಎಂದುಬಿಟ್ಟೆ. ಅವರು ಕೈಮುಗಿದು ಹೋದರು.

ಬಾಬುರಾಯನಕೊಪ್ಪಲಿನಲ್ಲಿ ಅವಳು ಆಂಪ್ಲಿಫೈಯರಿನ ಬೋಲ್ಟು ಬಿಚ್ಚಿ ತೋರಿಸಿದಳು. ಅದರಡಿಯಲ್ಲಿ ಬಣ್ಣವನ್ನು ಯಾರೂ ಕೆರೆದಿರಲಿಲ್ಲ. ಅರ್ತ್ ಕಬ್ಬಿಣಕ್ಕೆ ಸರಿಯಾಗಿ ಕೂತೇ ಇರಲಿಲ್ಲ. ಹೊಳೆಯುವವರೆಗೆ ಕೆರೆದಳು. ಸ್ಟೀರಿಯೋದ ಅರ್ತನ್ನೂ ಅಲ್ಲಿಗೇ ಎಳೆದು ಎರಡನ್ನೂ ಒಂದೇ ಬೋಲ್ಟಿಗೆ ಬಿಗಿದಳು. ಎಂಜಿನ್ ಹಾಕಿ ಆಕ್ಸಿಲರೇಟರ್ ಒತ್ತಿದರೆ — ಏನೂ ಇಲ್ಲ. ಹಾಡುವವಳು ಉಸಿರೆಳೆದುಕೊಳ್ಳುವುದು ಸಹ ಕೇಳಿಸಿತು. ಯಾವ ಕಾಲೇಜೂ ಕಲಿಸದೆ, ಯಾರ ಬೆಂಬಲವೂ ಇಲ್ಲದೆ ಈ ವಿದ್ಯೆ ಇಷ್ಟು ವರ್ಷ ಅವಳೊಳಗೆ ಹೇಗೆ ಬದುಕಿತು? ನಾನು ಅದನ್ನು ಕೊಂದೆನೆಂದುಕೊಂಡಿದ್ದೆ. ಅಷ್ಟು ಶಕ್ತಿ ನನಗೆಲ್ಲಿತ್ತು.

"ಭಾಗ್ಯ..." ಎಂದೆ.

"ಕಾರಿಂದ ಇಳ್ದಾಗ್ಲೇ ಗುರ್ತು ಸಿಕ್ತು ಸಾ."

ಅವತ್ತಿನದನ್ನು ಹೇಳತೊಡಗಿದೆ. ಅವಳು ವೈರು ಸುತ್ತುತ್ತಲೇ ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ.

"ಅದು ನಂಗೂ ಗೊತ್ತು, ನಿಮ್ಗೂ ಗೊತ್ತು. ಗೊತ್ತಿಲ್ದೆ ಇರೋದು ನಮ್ಮಪ್ಪಂಗೆ. ಅವ್ರಿಗೆ ಯೋಳಿ ಸಾ."

ಮರುದಿನವೇ ಅವರ ಊರಿಗೆ ಹೋದೆ. ಬೋರೇಗೌಡರು ಡೈರಿಗೆ ಹಾಲು ಹಾಕಿ ಬಂದು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು — ಈಗಲೂ. ಕಾಫಿ ಬರುವ ಮೊದಲೇ ಹೇಳಿಬಿಡಬೇಕೆಂದು ನಿಂತಲ್ಲೇ ಹೇಳಿದೆ, ಒಂದನ್ನೂ ಬಿಡದೆ, ಡಿಪ್ಲೊಮಾದ ಮಾತನ್ನೂ.

ಅವರು ಕೂತು ತಮ್ಮ ಅಂಗೈಯನ್ನು ನೋಡಿಕೊಂಡರು.

"ದಾರಿಯುದ್ದಕ್ಕೂ ಯೋಳಿದ್ಲು ಮೇಷ್ಟ್ರೇ, ನಾನ್ ಮುಟ್ನಿಲ್ಲ ಕಣಪ್ಪ ಅಂತ. ಮೇಷ್ಟ್ರು ಸುಳ್ಳೇಳ್ತಾರಾ ಅಂದು ಮನೇಲೂ ಒಡ್ದೆ. ಅವತ್ತಿಂದ ಅವ್ಳು ನನ್ತಾವ ಏನೂ ಯೋಳಾಕಿಲ್ಲ. ಉಸಾರಾಗಿದೀನಿ ಅಂತಾಳೆ, ಅಷ್ಟೇಯ."

ಮನೆಯಲ್ಲೂ ಹೊಡೆದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯಲೂ ಈಗ ನಾಚಿಕೆಯಾಗುತ್ತದೆ.

ಅವರು ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದರು. ಕಾರಿದೆ, ಮಗಳ ಹತ್ತಿರ ಕರೆದೊಯ್ಯುತ್ತೇನೆ ಎಂದೆ. "ಬ್ಯಾಡಿ. ಬಸ್ಸು ಅದೆ," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಉಪಕಾರ ಅವರು ಮಾಡಲಿಲ್ಲ. ಎಪ್ಪತ್ತು ದಾಟಿದ ಆ ಮನುಷ್ಯ ಬಸ್ ಸ್ಟ್ಯಾಂಡಿನತ್ತ ಬಿರಬಿರನೆ ನಡೆದು ಹೋದರು. ಮಗಳ ಅಂಗಡಿಯಲ್ಲಿ ಏನು ಮಾತಾಯಿತೋ ನಾನು ಕೇಳಿಲ್ಲ, ಕೇಳುವ ಹಕ್ಕೂ ನನಗಿಲ್ಲ.

ಮೊನ್ನೆ ಆ ವಾರ್ಷಿಕೋತ್ಸವದ ವರ್ಷದ ವಿದ್ಯಾರ್ಥಿಗಳು ಫೋನ್ ಮಾಡಿದ್ದರು. ಎಲ್ಲರೂ ಸೇರಿ ಗುರುವಂದನೆ ಇಟ್ಟುಕೊಂಡಿದ್ದಾರಂತೆ, ನನಗೆ ಶಾಲು ಹೊದಿಸುತ್ತಾರಂತೆ. ಭಾಗ್ಯಲಕ್ಷ್ಮಿಗೆ ಹೇಳಿದ್ದೀರಾ ಎಂದು ಕೇಳಿದೆ.

"ಯಾವ ಭಾಗ್ಯಲಕ್ಷ್ಮಿ ಸಾ?" ಎಂದರು ಆ ಕಡೆಯಿಂದ. ಆಮೇಲೆ ನೆನಪಾಗಿ, "ಓ, ಮೈಕ್ ಸೆಟ್ ಕೆಡ್ಸಿದ್ಲಲ್ಲ, ಅವ್ಳಾ?"

ನಾನು ಬರುತ್ತೇನೆ ಎಂದಿದ್ದೇನೆ. ಶಾಲು ಬೇಡ, ಮಾತಾಡಲು ಐದು ನಿಮಿಷ ಕೊಡಿ ಎಂದು ಕೇಳಿದ್ದೇನೆ.