ಶೇಂಗಾ ಸಿಪ್ಪೆಯ ವಿಲೇವಾರಿ

ಶೇಂಗಾ ತಿನ್ನುವುದು ಸುಲಭ. ತಿಂದ ಮೇಲೆ ಸಿಪ್ಪೆಯನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆಗೆ ಮಾತ್ರ ನಮ್ಮ ನಾಗರಿಕತೆ ಇನ್ನೂ ಸಮಾಧಾನಕರವಾದ ಉತ್ತರ ಕಂಡುಕೊಂಡಿಲ್ಲ. ನಾನಂತೂ ಜುಬ್ಬಾದ ಬಲಗಿಸೆಯನ್ನು ಈ ಕೆಲಸಕ್ಕೆ ಕಾಯಂ ಆಗಿ ನೇಮಿಸಿಕೊಂಡಿದ್ದೇನೆ. ಬಟ್ಟೆ ಒಗೆಯುವ ದಿನ ನನ್ನ ಹೆಂಡತಿ ನೀಲಮ್ಮ ಆ ಕಿಸೆಯನ್ನು ಒಳಹೊರಗು ಮಾಡಿ ಝಾಡಿಸುವಾಗ ಆಡುವ ಮಾತುಗಳು ಸಭ್ಯ ಗದ್ಯದಲ್ಲಿ ಬರೆಯುವಂಥವಲ್ಲ. ಆದರೂ ಉದ್ಯಾನದಲ್ಲಿ ಒಂದೇ ಒಂದು ಸಿಪ್ಪೆಯನ್ನು ಬೀಳಿಸಿದವನಲ್ಲ ಎಂಬ ಹೆಮ್ಮೆ ನನಗಿದೆ. ನಿವೃತ್ತನಾದವನಿಗೆ ಹೆಮ್ಮೆಪಡಲು ಬೇರೆ ಕಾರಣಗಳು ಬಹಳ ಇರುವುದಿಲ್ಲ ನೋಡಿ.

ಉದ್ಯಾನ ಎಂದ ಕೂಡಲೇ ನೀವು ಕಾರಂಜಿಯನ್ನೂ ಹುಲ್ಲುಹಾಸನ್ನೂ ಕಲ್ಪಿಸಿಕೊಳ್ಳಬಾರದು. ಕೊಪ್ಪಳ ಮುಗಿದು ಭಾಗ್ಯನಗರ ಶುರುವಾಗುವ ಆಸುಪಾಸಿನ ನಮ್ಮ ಬಡಾವಣೆಯಲ್ಲಿ ಒಂದು ತಂತಿಬೇಲಿ, ಒಂದು ಗೇಟು, ಸುತ್ತಲೂ ಒಂದು ಕಾಲುದಾರಿ, ಗೇಟಿಗೆ ನೇರ ಎದುರಿನ ಮೂಲೆಯಲ್ಲಿ ಒಂದು ಹಿರಿಯ ಬೇವಿನ ಮರ, ಇಷ್ಟಕ್ಕೆ ಫಲಕ ಬರೆಯುವವನು ಔದಾರ್ಯದಿಂದ ‘ಉದ್ಯಾನವನ’ ಎಂದು ಬರೆದಿದ್ದಾನೆ. ಆ ಬೇವಿನ ಬುಡವೇ ಇಡೀ ಬಡಾವಣೆಯ ಕಸದ ತವರು. ಬೇಲಿಯಾಚೆಯಿಂದ ಹಾರಿಬಂದ ಗಿರ್ಮಿಟ್ಟಿನ ಪೊಟ್ಟಣ, ಮಿರ್ಚಿಯ ಎಣ್ಣೆ ಕುಡಿದ ಪತ್ರಿಕೆ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಲಗ್ನದ ಪೇಟ ಕೂಡ ಅಲ್ಲಿ ಬಂದು ವಿಶ್ರಮಿಸಿದ್ದುಂಟು.

ವಿಶ್ರಮಿಸಬೇಕಾಗಿದ್ದವಳು ವಾಸ್ತವವಾಗಿ ನೀಲಮ್ಮ. ಅವಳಿಗೆ ಮೊಣಕಾಲು ನೋವು. ದಿನಾ ನಡೆಯದಿದ್ದರೆ ಕಾಲು ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಅರ್ಧ ಸುತ್ತು ನಡೆದರೆ ಐದು ನಿಮಿಷ ಕೂರಲೇಬೇಕು. ಆ ಅರ್ಧ ಸುತ್ತು ಮುಗಿಯುವುದು ಸರಿಯಾಗಿ ಬೇವಿನ ಬುಡದಲ್ಲಿ, ಅಲ್ಲಿ ಕಸ ಬಿಟ್ಟರೆ ಬೇರೆ ಯಾರಿಗೂ ಕೂರಲು ಜಾಗವಿಲ್ಲ. ನಾಲ್ಕು ದಿನ ಹಲ್ಲು ಕಚ್ಚಿ ನಡೆದು, ಐದನೆಯ ದಿನ ಅವಳು ಗೇಟಿನಲ್ಲೇ ನಿಂತುಬಿಟ್ಟಳು. “ನೀವು ಸುತ್ತ ಹಾಕ್ಕೊಂಡು ಬರ್ರಿ, ನಾ ಇಲ್ಲೇ ನಿಂದರ್ತೀನಿ” ಎಂದಳು. ನೌಕರಿಯ ಕಾಲವೆಲ್ಲ ಯಲಬುರ್ಗಾ, ಕುಷ್ಟಗಿ, ತಾವರಗೇರಾ ಎಂದು ಬಸ್ಸಿನಲ್ಲೇ ಕಳೆದ ನಾನು, ನಿವೃತ್ತಿಯ ನಂತರ ದಿನಾ ಜೊತೆಯಾಗಿ ನಡೆಯೋಣ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಒಬ್ಬನೇ ಸುತ್ತು ಹಾಕುವಾಗ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಸಂಕಟವಾದಾಗ ಕೆಲವರು ದೇವರಿಗೆ ಹರಕೆ ಹೊರುತ್ತಾರೆ. ನಾನು ಅರ್ಜಿ ಬರೆಯುತ್ತೇನೆ. ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವನು ನಾನು. ಮೇಲಧಿಕಾರಿಗಳು ಸಹಿ ಮಾಡಿದ ಎಷ್ಟೋ ಸೊಗಸಾದ ಪತ್ರಗಳ ಅಜ್ಞಾತ ಕರ್ತೃ. ಮೊಬೈಲಿನಲ್ಲಿ ಕಸದ ಫೋಟೋ ತೆಗೆದು ಕಳಿಸಿದರೆ ಸಾಕು ಎಂದು ನೆರೆಯವರು ಹೇಳಿದರು. ಫೋಟೋದಲ್ಲಿ ವಾಕ್ಯವೆಲ್ಲಿರುತ್ತದೆ? ಆದ್ದರಿಂದ ನಗರಸಭೆಗೆ ಕಾಗದದ ಮೇಲೆ, ಶಾಯಿಯಲ್ಲಿ, “ನಿಸರ್ಗರಮ್ಯ ಪರಿಸರವನ್ನು ಕಬಳಿಸುತ್ತಿರುವ ಈ ತ್ಯಾಜ್ಯಪರ್ವತದ ದುರ್ಗಂಧವು ನಾಗರಿಕರ ಆತ್ಮಗೌರವಕ್ಕೇ ಭಂಗ ತರುವಂತಿದ್ದು” ಎಂದು ಆರಂಭಿಸಿದೆ. ಎರಡು ಹಾಳೆಗಳ ತುಂಬ ಹನ್ನೊಂದು ಬೇಡಿಕೆಗಳನ್ನು ಪೋಣಿಸಿದೆ. ಒಂಬತ್ತನೆಯದು “ಶೋಭಾಯಮಾನವಾದ ಆಸನ ವ್ಯವಸ್ಥೆ.” ಹೆಂಡತಿಯ ಮೊಣಕಾಲಿನ ಸುದ್ದಿಯನ್ನು ಎತ್ತಲಿಲ್ಲ. ಸಾರ್ವಜನಿಕ ಹಿತದ ಮಹಾಪ್ರವಾಹದಲ್ಲಿ ಸ್ವಂತ ಮನೆಯ ಮೊಣಕಾಲು ತೇಲಿಬರುವುದು ಗೌರವವಲ್ಲವೆಂದು ನನ್ನ ಭಾವನೆ.

ಹೀಗೆ ಏಳು ಪತ್ರಗಳಾದವು. ಪ್ರತಿಯೊಂದರ ಝೆರಾಕ್ಸ್ ಮನೆಯಲ್ಲಿದೆ. ಉತ್ತರ ಮಾತ್ರ ಒಂದಕ್ಕೂ ಬರಲಿಲ್ಲ. ಓದುಗರಿಲ್ಲದ ಲೇಖಕನ ವ್ಯಥೆ ಏನೆಂದು ನನಗೆ ಆಗ ತಿಳಿಯಿತು.

ಓದುಗರಿಲ್ಲ ಎಂದುಕೊಂಡಿದ್ದು ನನ್ನ ತಪ್ಪು. ಒಂದು ಮುಂಜಾನೆ ಬೇವಿನ ಬುಡದಲ್ಲಿ ಕಸ ಬಳಿಯುತ್ತಿದ್ದ ಪೌರಕಾರ್ಮಿಕ ಹೆಣ್ಣುಮಗಳು ಹುಲಿಗೆವ್ವ, ಕಸಬರಿಗೆ ಒರಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

“ಆ ತ್ಯಾಜ್ಯಪರ್ವತದ ಸಾಹೇಬ್ರು ನೀವ ಏನ್ರಿ?”

ನನ್ನ ಸಮಾಸ ಅವಳ ಬಾಯಲ್ಲಿ ಒಂದಕ್ಷರವೂ ಕೆಡದೆ ಬಂದದ್ದು ಕೇಳಿ ಮೊದಲು ಹಿಗ್ಗಿದೆ. ಆಮೇಲೆ ಅವಳು ವಿವರಿಸಿದಳು. “ನಿಮ್ಮ ಕಾಗದ ಬಂತಂದ್ರ ಮ್ಯಾಲಿನವ್ರು ಕೆಳಗಿನವ್ರಿಗೆ ಕಳಸ್ತಾರ್ರಿ. ಹಂಗ ಇಳಕೊಂತ ನಮ್ಮ ಸೂಪರ್‌ವೈಸರ್ ಕೈಗೆ ಬರ್ತೈತಿ. ಅವ್ರು ನನ್ನ ನಿಂದ್ರಿಸಿ ಪೂರಾ ಓದಿ ಹೇಳಿ ಬೈತಾರ. ಏಳು ಸಲ ಬೈಸಿಕೊಂಡೀನಿ. ನಾ ನಸುಕಿನ್ಯಾಗ ಬಳದು ಹೋಗ್ತೀನ್ರಿ, ಹೊತ್ತು ಏರೂದ್ರಾಗ ಮಂದಿ ಮತ್ತ ಒಗದಿರ್ತಾರ. ನಾ ಏನ್ ಮಾಡ್ಲಿ?”

ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು. ನೌಕರಿಯುದ್ದಕ್ಕೂ “ಸೂಕ್ತ ಕ್ರಮಕ್ಕಾಗಿ ಕಳುಹಿಸಿದೆ” ಎಂದು ಬರೆದು ಸಾವಿರಾರು ಕಾಗದಗಳನ್ನು ಒಂದು ಮೇಜಿನಿಂದ ಕೆಳಗಿನ ಮೇಜಿಗೆ ತಳ್ಳಿದವನು ನಾನೇ. ಕೊನೆಯ ಮೇಜೂ ಮುಗಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆಂದು ಒಮ್ಮೆಯೂ ಯೋಚಿಸಿದವನಲ್ಲ. ಹೋಗುತ್ತಿದ್ದುದು ಇಲ್ಲಿಗೆ, ಕಸಬರಿಗೆ ಹಿಡಿದವಳ ತಲೆಯ ಮೇಲಕ್ಕೆ. ತಪ್ಪಾಯಿತವ್ವ ಎಂದೆ. ಆಕೆ ಅದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

“ಅದಿರ್ಲಿ, ನಿಮಗ ಬೇಕಾಗಿದ್ದಾದ್ರೂ ಏನ್ರಿ? ಅಷ್ಟುದ್ದ ಕೇಳಿದ್ರೂ ನನಗ ತಿಳೀಲೇ ಇಲ್ಲ.”

ದೂರದ ಗೇಟಿನಲ್ಲಿ ಒಂಟಿಯಾಗಿ ನಿಂತಿದ್ದ ನೀಲಮ್ಮನನ್ನು ತೋರಿಸಿ, ಅವಳ ಮೊಣಕಾಲಿನ ಕಥೆ ಹೇಳಿದೆ. ಹುಲಿಗೆವ್ವ ಹಣೆ ಚಚ್ಚಿಕೊಂಡಳು.

“ಇಷ್ಟ ಅಲ್ರಿ? ಕಚೇರಿ ಹಿಂದ ಎರಡು ಸಿಮೆಂಟ್ ಬೆಂಚು ಸುಮ್ನ ಬಿದ್ದಾವ. ಅದರಾಗ ಒಂದು ಇಲ್ಲಿ ಹಾಕ್ರಿ, ನನ್ನ ಹೇಣ್ತಿಗೆ ಮೊಣಕಾಲು ನೋವೈತಿ ಅಂತ ಬರೀರಿ. ಮಂದಿ ಕುಂತಿರೋ ಕಡೆ ಯಾರೂ ಕಸ ಒಗಿಯಂಗಿಲ್ಲ. ನನಗೂ ರೊಟ್ಟಿ ತಿನ್ನಾಕ ಒಂದು ಜಾಗ ಆಗ್ತೈತಿ.”

ಎಂಟನೆಯ ಪತ್ರವನ್ನು ಅವಳು ಹೇಳಿದಂತೆಯೇ ಬರೆದೆ. ಎರಡೇ ಸಾಲು. ಒಂದು ವಿಶೇಷಣವಿಲ್ಲ, ಒಂದು ಸಮಾಸವಿಲ್ಲ. ಸಹಿ ಹಾಕುವಾಗ ಬರಿ ಮೈಯಲ್ಲಿ ಬೀದಿಗೆ ಹೊರಟಷ್ಟು ಸಂಕೋಚವಾಯಿತು. ಆದರೆ ನನ್ನೊಳಗಿನ ಹೆಡ್ ಕ್ಲಾರ್ಕ್ ಮೆಚ್ಚಿ ತಲೆದೂಗಿದ. ಹೊಸದಾಗಿ ಕೊಳ್ಳುವುದಿಲ್ಲ, ಟೆಂಡರ್ ಇಲ್ಲ, ಇದ್ದದ್ದನ್ನು ಇದ್ದಲ್ಲಿಂದ ಎತ್ತಿ ಇಡುವುದಷ್ಟೆ. ಇದಕ್ಕಿಂತ ಹಗುರವಾದ ಕಡತ ನನ್ನ ಸೇವಾವಧಿಯಲ್ಲೇ ಕಂಡಿರಲಿಲ್ಲ.

ವಾರ ಕಳೆಯುವುದರೊಳಗೆ ಟ್ರ್ಯಾಕ್ಟರಿನಲ್ಲಿ ಬೆಂಚು ಬಂತು. ಒಂದು ಮೂಲೆ ಒಡೆದಿತ್ತು, ಶೋಭಾಯಮಾನವೇನೂ ಅಲ್ಲ. ಮರುದಿನ ನೀಲಮ್ಮ ನನ್ನ ತೋಳು ಹಿಡಿದು ಅರ್ಧ ಸುತ್ತು ನಡೆದು, ಬೇವಿನ ನೆರಳಿನಲ್ಲಿ ಕುಳಿತು, ಕಾಲು ಚಾಚಿ, “ಹಾಂ” ಎಂದಳು. ನನ್ನ ಬರಹಕ್ಕೆ ಈವರೆಗೆ ಬಂದ ವಿಮರ್ಶೆಗಳಲ್ಲಿ ಅದೇ ಶ್ರೇಷ್ಠವಾದದ್ದು. ಬುಟ್ಟಿ ಹಿಡಿದು ಬಂದ ಹುಲಿಗೆವ್ವ ದೂರವೇ ನಿಂತಾಗ, ನೀಲಮ್ಮ ಪಕ್ಕದ ಜಾಗ ತಟ್ಟಿ ತೋರಿಸಿದಳು.

“ಬಾರವ್ವ, ಕುಂದರು. ಇದು ನೀ ತರಿಸಿದ ಬೆಂಚು.”

ಹುಲಿಗೆವ್ವ ಒಮ್ಮೆ ನನ್ನ ಮುಖ ನೋಡಿ, ಸೆರಗು ಸರಿಪಡಿಸಿಕೊಂಡು ಕುಳಿತಳು. ಒಡೆದ ಮೂಲೆಯ ದೆಸೆಯಿಂದ ಬೆಂಚಿನಲ್ಲಿ ಇಬ್ಬರಿಗಷ್ಟೇ ಸ್ಥಳ. ಎಂಟು ಪತ್ರಗಳ ಕರ್ತೃವಾದ ನಾನು ನಿಂತೇ ಇದ್ದೆ.

ಶೇಂಗಾ ತೆಗೆದೆ. ಇಬ್ಬರೂ ಕೈಯೊಡ್ಡಿದರು. ಸುಲಿದ ಸಿಪ್ಪೆಯನ್ನು ಅಭ್ಯಾಸಬಲದಿಂದ ಕಿಸೆಗೆ ಇಳಿಸುತ್ತಿದ್ದಂತೆ ನೀಲಮ್ಮ ಕಣ್ಣು ಕೆಕ್ಕರಿಸಿದಳು. ಎಡಗಿಸೆಯಲ್ಲಿ ಮೊದಲ ಪತ್ರದ ಝೆರಾಕ್ಸ್ ಇತ್ತು. ಅದನ್ನು ಹುಲಿಗೆವ್ವನಿಗೆ ನನ್ನದೇ ಧ್ವನಿಯಲ್ಲಿ, ಬೈಗುಳವಿಲ್ಲದೆ, ಒಮ್ಮೆ ಓದಿ ತೋರಿಸೋಣವೆಂದು ತಂದಿದ್ದೆ. ಹೊರತೆಗೆದು ಬಿಚ್ಚಿದೆ.

“ಓದಬ್ಯಾಡ್ರಿ ಸಾಹೇಬ್ರ, ನನಗ ಬಾಯಿಪಾಠ ಐತಿ” ಎಂದಳು ಹುಲಿಗೆವ್ವ.

ಇಬ್ಬರ ನಡುವೆ ಅದರ ಮೊದಲ ಹಾಳೆ ಹಾಸಿದೆ. ಸಿಪ್ಪೆಗಳು ಒಂದೊಂದಾಗಿ ತ್ಯಾಜ್ಯಪರ್ವತದ ಮೇಲೆ ಬಿದ್ದವು, ದುರ್ಗಂಧದ ಮೇಲೆ ಬಿದ್ದವು, ಆತ್ಮಗೌರವವನ್ನೂ ಮುಚ್ಚಿದವು. ಬರೆದಂದಿನಿಂದ ಆ ಪತ್ರ ಈ ಉದ್ಯಾನದ ಕಸಕ್ಕೆ ಮಾಡಿದ ಮೊದಲ ಉಪಕಾರವದು. ನಾಲ್ಕೂ ಮೂಲೆ ಮಡಚಿ, ಹುಲಿಗೆವ್ವನ ಬುಟ್ಟಿಗೆ ಹಾಕಿದೆ.

ನೀಲಮ್ಮ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು.

“ನಡೀರಿ, ಇನ್ನರ್ಧ ಸುತ್ತ ಐತಿ.”