ಮಗುವಿನದೇ ರಕ್ತ

ಮಾದಿಹಳ್ಳಿಯ ಲತಾಮಣಿ ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡವಳು. ಅಪ್ಪ ತಮ್ಮಯ್ಯನೇ ಸಾಕಿ ಬೆಳೆಸಿ, ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ಧರ್ಮೇಶನಿಗೆ ಕೊಟ್ಟು ಮದುವೆ ಮಾಡಿದ. ಮರುವರ್ಷ ಅಪ್ಪನೂ ತೀರಿಕೊಂಡ.

೨೦೦೪ರಲ್ಲಿ ಅವಳು ಬಸುರಿಯಾದಳು. ಹಾಸನದ ಸ್ಕ್ಯಾನಿಂಗಿನಲ್ಲಿ ಮಗುವಿನ ಕರುಳು ಹೊಟ್ಟೆಯ ಹೊರಗೇ ಬೆಳೆಯುತ್ತಿರುವುದು ಕಂಡಿತು. ಹುಟ್ಟಿದ ಕೂಡಲೇ ಆಪರೇಷನ್ ಆಗಬೇಕೆಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಸುದ್ದಿ ತಿಳಿದ ಅತ್ತೆ, "ನಮ್ ಕಡೆ ಇಂಥದ್ದು ಯಾರ್ಗೂ ಆಗಿಲ್ಲ ಕಣೇ" ಎಂದು ಮುಖ ತಿರುಗಿಸಿದರು. ಜೊತೆಗೆ ಬರಲಿಲ್ಲ.

ಹೆರಿಗೆಗೆ ಮುಂಚೆ ಡಾಕ್ಟರು, "ಆಪರೇಷನ್ ಹೊತ್ತಿಗೆ ಮಗುಗೆ ರಕ್ತ ಬೇಕಾಗಬಹುದಮ್ಮ" ಎಂದರು. ಲತಾಮಣಿ ತಟ್ಟನೆ ತೋಳು ಚಾಚಿದಳು.

"ನಂದೇ ತಗಳಿ ಡಾಕ್ಟ್ರೇ. ಎಷ್ಟು ಬೇಕೋ ಅಷ್ಟೂ ತಗಳಿ."

"ನಿಮ್ಮದು ಬೇಡ. ಹೊಕ್ಕುಳಬಳ್ಳಿ, ಮಾಸಲ್ಲಿ ಮಗುವಿನದೇ ರಕ್ತ ಉಳಿದಿರುತ್ತೆ. ಅದನ್ನ ಚೆಲ್ಲದೆ ಚೀಲದಲ್ಲಿ ಹಿಡಿದಿಟ್ಟು ಮಗುಗೇ ಕೊಡ್ತೀವಿ. ಬೇರೆಯವರ ರಕ್ತ ಆದಷ್ಟು ತಪ್ಪಿಸೋಣ."

ಒಳ್ಳೆಯ ಮಾತೇ. ಆದರೂ ತನ್ನನ್ನೂ ಸೇರಿಸಿ 'ಬೇರೆಯವರು' ಎಂದದ್ದು ಅವಳಿಗೆ ನಾಟಿತು.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಒಂದು ಅಳು ಕೇಳಿಸಿತು, ಅಷ್ಟೇ. ಮಗುವನ್ನೂ ರಕ್ತದ ಚೀಲವನ್ನೂ ಬೇರೆ ಕಟ್ಟಡಕ್ಕೆ ಒಯ್ದರು. ಧರ್ಮೇಶ ಹಿಂದೆಯೇ ಓಡಿದ. ವಾರ್ಡಿನಲ್ಲಿ ಎಲ್ಲರ ಮಗ್ಗುಲಲ್ಲೂ ಕೂಸಿತ್ತು. ಪಕ್ಕದವಳನ್ನು ನೋಡಲು ಬಂದವರು "ನಿಮ್ಮ ಮಗು ಎಲ್ಲಮ್ಮ?" ಎಂದಾಗ ಲತಾಮಣಿ ಗೋಡೆ ಕಡೆ ಹೊರಳಿದಳು.

ಸಂಜೆ ಧರ್ಮೇಶ ಬಂದ. "ಆಪರೇಷನ್ ಆಯ್ತು ಕಣೇ. ಅವಳ್ದೇ ರಕ್ತ ಸಾಕಾಯ್ತಂತೆ. ಯಾರ್ದೂ ಬೇಕಾಗ್ಲಿಲ್ಲ."

"ನನ್ನ ಕೇಳಿದ್ಲಾ?"

ಅವನು ಅವಳ ತಲೆ ಸವರಿದ. "ಹಸುಗೂಸು, ಏನ್ ಕೇಳ್ತದೆ ಲತಾ?"

ಹೊಲಿಗೆ ಎಳೆಯುತ್ತಿದ್ದರೂ ಗೋಡೆ ಹಿಡಿದುಕೊಂಡು ಒಮ್ಮೆ ಆ ಕಟ್ಟಡಕ್ಕೆ ಹೋದಳು. ಗಾಜಿನಾಚೆ ಸಾಲಾಗಿ ಮಲಗಿದ್ದ ಕೂಸುಗಳಲ್ಲಿ ತನ್ನದು ಯಾವುದೆಂದು ನರ್ಸೇ ಬೆರಳು ಮಾಡಿ ತೋರಿಸಬೇಕಾಯಿತು.

ಮಗು ಉಳಿಯಿತು. ಹರ್ಷಿತಾ ಎಂದು ಹೆಸರಿಟ್ಟರು. ಅರಸೀಕೆರೆಗೆ ಬಂದ ಮೇಲೆ ಧರ್ಮೇಶ ಹಗಲೆಲ್ಲ ಹಳಿಯ ಮೇಲೆ. ಮಗುವಿನ ಹೊಟ್ಟೆಯ ಗಾಯಕ್ಕೆ ಹೆದರಿ ನೀರೆರೆಯಲು ಯಾರೂ ಬರಲಿಲ್ಲ. ಕಾಲ ಮೇಲೆ ಹಾಕಿಕೊಂಡು ಲತಾಮಣಿಯೇ ಎರೆದಳು.

ಮಗು ನಡೆಯತೊಡಗಿದ ಮೇಲೆ ಅತ್ತೆ ಮೊದಲ ಸಲ ನೋಡಲು ಬಂದರು. "ಬಾ ನನ್ ಬಂಗಾರ" ಎಂದು ಕೈ ಚಾಚಿದರು. ಲತಾಮಣಿ ಮಗುವನ್ನು ಅವರ ಮಡಿಲಿಗೆ ಕೊಟ್ಟು, ಕಾಫಿಗಿಡಲು ಒಳಗೆ ಹೋದಳು.